ಮುಷ್ಟಿ ಪಾಠ

"ನಿಲ್ಲು, ನಿಲ್ಲು. ಮುಷ್ಟಿ ಅಷ್ಟು ಬೇಗ ತರಬಾರದು. ಮಕ್ಕಳಿಗೆ ಮೊದಲು ತುಂಬು ಚಂದ್ರ ಕಣ್ತುಂಬ ಕಾಣಬೇಕು," ಎಂದು ಅತ್ತೆ ಸ್ಕೇಲಿನಿಂದ ಊಟದ ಮೇಜನ್ನು ಕುಟ್ಟಿದರು. ಉಪ್ಪಿನ ಡಬ್ಬಿ ಒಮ್ಮೆ ಕುಣಿದು ನಿಂತಿತು. ಸೊಸೆ ಎತ್ತಿದ ಕೈಯನ್ನು ಇಳಿಸಿ, ದೀಪ ಆರಿಸಿ, ಮತ್ತೆ ಹೊತ್ತಿಸಿದಳು. ಮೊದಲಿನಿಂದ ಅಂದರೆ ಅತ್ತೆಯ ಲೆಕ್ಕದಲ್ಲಿ ದೀಪ ಹೊತ್ತಿಸುವಲ್ಲಿಂದಲೇ.

ಕಿಟಕಿಗಳಿಗೆ ಪರದೆ ಎಳೆದಿತ್ತು. ಮೇಜಿನ ಒಂದು ತುದಿಯಲ್ಲಿ ಟೋಪಿ ಕಳಚಿಟ್ಟ ಟೇಬಲ್ ಲ್ಯಾಂಪು, ಅದು ಸೂರ್ಯ. ಇನ್ನೊಂದು ತುದಿಯಲ್ಲಿ ಬಾಟಲಿಯ ಬಾಯಿಗೆ ಕೂರಿಸಿದ ಬಿಳಿ ಬಣ್ಣದ ರಬ್ಬರ್ ಚೆಂಡು, ಅದು ಚಂದ್ರ. ನಡುವೆ ನಿಂತವರ ಮುಷ್ಟಿಯೇ ಭೂಮಿ. ಮುಷ್ಟಿಯನ್ನು ನಿಧಾನವಾಗಿ ಎತ್ತುತ್ತ ಹೋದರೆ ಅದರ ನೆರಳು ಚೆಂಡಿನ ಮೇಲೆ ಹತ್ತುತ್ತ ಹೋಗುತ್ತದೆ. ತುಂಬು ಚಂದ್ರ ಸೊಟ್ಟಗಾಗಿ, ಅರ್ಧವಾಗಿ, ಗೆರೆಯಾಗಿ, ಕೊನೆಗೆ ಇಲ್ಲವಾಗುತ್ತಾನೆ. ಇಳಿಸುತ್ತ ಬಂದರೆ ಮತ್ತೆ ಬೆಳೆಯುತ್ತಾನೆ. ಜೊತೆಗೆ ಒಂದು ಮಾತು, ರಾಗವಾಗಿ: "ಭೂಮಿಯ ನೆರಳು ಬಂತು, ಚಂದ್ರ ಸವೆದ. ನೆರಳು ಸರಿಯಿತು, ಚಂದ್ರ ಬೆಳೆದ." ಅತ್ತೆ ಊರಿನ ಶಾಲೆಯಲ್ಲಿ ಇಡೀ ಆಯುಷ್ಯ ಈ ಪಾಠ ಮಾಡಿದ್ದರು. ಅದಕ್ಕೆ ಮುಷ್ಟಿ ಪಾಠ ಎಂದೇ ಹೆಸರಾಗಿತ್ತು. ಪಕ್ಕದ ತರಗತಿಯ ಮಕ್ಕಳು ಕೂಡ ಬಾಗಿಲಿಗೆ ಬಂದು ಇಣುಕುತ್ತಿದ್ದರಂತೆ.

ಸೊಸೆಯೂ ಟೀಚರೇ, ಆದರೆ ಬೇರೊಂದು ಶಾಲೆಯಲ್ಲಿ, ಅದೂ ತಾತ್ಕಾಲಿಕ. ಹೂವಿನ ಭಾಗಗಳು, ಕಪ್ಪೆಯ ಬೆಳವಣಿಗೆ, ಹೃದಯದ ನಾಲ್ಕು ಕೋಣೆ ಇವೆಲ್ಲ ಅವಳಿಗೆ ನೀರು ಕುಡಿದಷ್ಟು ಸುಲಭ. ಕಷ್ಟವೆಲ್ಲ ಕಾಲ ಕೆಳಗಿನದು ಮತ್ತು ತಲೆಯ ಮೇಲಿನದು. ಭೂಮಿ ಮತ್ತು ಬಾಹ್ಯಾಕಾಶ ವಿಜ್ಞಾನದ ಅರ್ಹತಾ ಪರೀಕ್ಷೆ ಪಾಸಾಗದವರನ್ನು ಮುಂದಿನ ವರ್ಷ ಇಟ್ಟುಕೊಳ್ಳುವುದಿಲ್ಲ ಎಂದು ಹೊಸ ನಿಯಮ ಬಂದಿತ್ತು. ಮೊದಲ ಸಲ ಅವಳು ಬಂಡೆಗಳ ವಿಧಗಳಲ್ಲೇ ಮುಗ್ಗರಿಸಿ ಬಿದ್ದಿದ್ದಳು. ಉಳಿದದ್ದು ಇದೊಂದೇ ಅವಕಾಶ. ಇದೂ ಹೋದರೆ ಕೆಲಸ ಹೋದಂತೆ, ಮತ್ತು ಅವಳಿಗೆ ಆ ಕೆಲಸ ಬೇಕಿತ್ತು. ಬೋರ್ಡಿಗೆ ಬೆನ್ನು ಹಾಕಿ ತಿರುಗಿದಾಗ ಕಾಣುವ ಆ ಮುಖಗಳಿಲ್ಲದೆ ದಿನ ಹೇಗೆ ಕಳೆಯುತ್ತದೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಈ ಮನೆಯಲ್ಲಿ ಅತ್ತೆಯ ಕಾಲ ನಿವೃತ್ತಿಯ ದಿನವೇ ಮುಗಿದಿತ್ತು, ಸೊಸೆಯ ಕಾಲ ಇನ್ನೂ ಬಂದಿರಲಿಲ್ಲ. ಇಬ್ಬರೂ ಒಂದೇ ಮನೆಯ ಇಬ್ಬರು ಬಾಡಿಗೆದಾರರ ಹಾಗೆ, ಹಾಲು ಬಂತಾ, ಬಾಗಿಲು ಹಾಕಿದೆಯಾ ಎನ್ನುವಷ್ಟರಲ್ಲೇ ವರ್ಷಗಳನ್ನು ಕಳೆದಿದ್ದರು. ಸೊಸೆ ಮೊದಲ ಸಲ ಫೇಲಾಗಿ ಸಂಜೆ ಅಳುತ್ತ ಮನೆಗೆ ಬಂದಳು. ಮರುದಿನ ಬೆಳಗ್ಗೆ ಅತ್ತೆ ಬ್ರೆಡ್ಡಿನ ಹೋಳುಗಳನ್ನು ಒಂದರ ಮೇಲೊಂದು ಪೇರಿಸಿ, ಎರಡೂ ಕಡೆಯಿಂದ ಒತ್ತಿ, ನಡು ಉಬ್ಬಿದ್ದನ್ನು ತೋರಿಸಿ, "ನೋಡು, ಪರ್ವತ ಹುಟ್ಟೋದು ಹೀಗೆ. ಇದರಲ್ಲಿ ಅಳೋಕೇನಿದೆ?" ಅಂದರು. ಅಲ್ಲಿಂದ ಶುರುವಾಯಿತು. ಶಿಲೆ, ಪದರ, ಜ್ವಾಲಾಮುಖಿ, ಉಬ್ಬರ ಇಳಿತ ಎಲ್ಲವೂ ಆ ಮೇಜಿನ ಮೇಲೆ ಆಗಿಹೋದವು. ಸೊಸೆ ಓದುತ್ತ ಕೂತಾಗ ಅತ್ತೆ ತಾವೇ ಚಹಾ ಮಾಡಿ ತಂದು ಪಕ್ಕದಲ್ಲಿಡುತ್ತಿದ್ದರು. ಲಿಖಿತ ಪರೀಕ್ಷೆ ಪಾಸಾದದ್ದು ಅತ್ತೆಯಿಂದಲೇ, ಇದರಲ್ಲಿ ಎರಡು ಮಾತಿರಲಿಲ್ಲ.

ಇನ್ನುಳಿದದ್ದು ಪರೀಕ್ಷಕರ ಎದುರು ಒಂದು ಪಾಠ. ಯಾವ ಪಾಠವೆಂಬುದಕ್ಕೆ ಚೀಟಿ ಎತ್ತಬೇಕಿತ್ತು. ಸೊಸೆಯ ಕೈಗೆ ಬಂದದ್ದು ಚಂದ್ರನ ಕಲೆಗಳು: ಚಂದ್ರ ಏಕೆ ಬೆಳೆಯುತ್ತಾನೆ, ಏಕೆ ಸವೆಯುತ್ತಾನೆ. ಸುದ್ದಿ ಕೇಳಿ ಅತ್ತೆ ಕನ್ನಡಕ ತೆಗೆದು ಒರೆಸಿಕೊಂಡರು. "ನನ್ನ ಪಾಠ," ಅಂದರು. ಅವರು ಅಷ್ಟು ಸಂತೋಷಪಟ್ಟದ್ದನ್ನು ಸೊಸೆ ಅದುವರೆಗೆ ನೋಡಿರಲಿಲ್ಲ.

ಮುಷ್ಟಿ ಪಾಠ ತಪ್ಪು ಎಂದು ಅವಳಿಗೆ ತಿಳಿದದ್ದು ಅದರ ನಂತರ.

ಪುಸ್ತಕದಲ್ಲಿ ಎರಡೇ ಸಾಲಿತ್ತು. ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದು ಗ್ರಹಣದಲ್ಲಿ ಮಾತ್ರ. ಉಳಿದ ದಿನಗಳಲ್ಲಿ ಚಂದ್ರನ ಅರ್ಧ ಭಾಗ ಸದಾ ಬೆಳಗಿಯೇ ಇರುತ್ತದೆ, ಆ ಬೆಳಗಿದ ಭಾಗದಲ್ಲಿ ನಮ್ಮ ಕಡೆಗೆ ಎಷ್ಟು ತಿರುಗಿದೆಯೋ ಅಷ್ಟೇ ನಮಗೆ ಕಾಣುತ್ತದೆ. ಅವಳು ಎರಡು ಸಲ ಓದಿದಳು. ತಾನೇ ತಪ್ಪು ತಿಳಿದಿರಬೇಕು, ಅತ್ತೆಗೆ ಗೊತ್ತಿಲ್ಲದ್ದು ಇರುತ್ತದೆಯೇ ಎಂದು ಪುಸ್ತಕ ಮುಚ್ಚಿದಳು. ಆದರೆ ಅದೇ ವಾರ ಶಾಲೆ ಬಿಟ್ಟು ಬರುತ್ತಿದ್ದಾಗ ಬಿಸಿಲು ಇನ್ನೂ ಇರುವಾಗಲೇ ನೀರಿನ ಟ್ಯಾಂಕಿನ ಮೇಲೆ ಅರ್ಧ ಚಂದ್ರ ಕಂಡ. ಸೂರ್ಯ ಇತ್ತ ಪಶ್ಚಿಮದಲ್ಲಿ, ಅವಳ ಹೆಗಲ ಮೇಲೆ ಬಿಸಿಯಾಗಿದ್ದ. ಇಬ್ಬರೂ ಒಂದೇ ಆಕಾಶದಲ್ಲಿದ್ದರು, ನಡುವೆ ಬರಬೇಕಿದ್ದ ಭೂಮಿ ಅವಳ ಚಪ್ಪಲಿಯ ಕೆಳಗಿತ್ತು. ನೆರಳು ಬೀಳುವುದಾದರೂ ಹೇಗೆ? ಹೊಂಬಣ್ಣದ ಆ ಸಂಜೆಯಲ್ಲಿ ಅವಳು ಫುಟ್‌ಪಾತಿನ ಮೇಲೆ ಹಾಗೇ ನಿಂತುಬಿಟ್ಟಳು. ತರಕಾರಿ ಗಾಡಿಯವನು, "ಅಮ್ಮ, ಸ್ವಲ್ಪ ಜರುಗಿ," ಎಂದ ಮೇಲೆ ಜರುಗಿದಳು.

ಗಂಡ ಲಿಫ್ಟ್ ರಿಪೇರಿಯವನು. ಮನೆಯ ಮೇಜು ಬ್ರಹ್ಮಾಂಡದ ಪಾಲಾದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಉಣ್ಣುವುದನ್ನು ಅಭ್ಯಾಸ ಮಾಡಿಕೊಂಡಿದ್ದ. ಅವಳು ಪಾತ್ರೆ ತೊಳೆಯುತ್ತ, ನೀರಿನ ಸದ್ದಿನ ಮರೆಯಲ್ಲಿ ವಿಷಯ ಹೇಳಿದಳು.

"ತಪ್ಪಾ?" ಅವನ ಕೈ ತಟ್ಟೆಯಲ್ಲೇ ನಿಂತಿತು. "ನಾನು ಈಗಲೂ ಅದೇ ಅಂದ್ಕೊಂಡಿದ್ದೆನಲ್ಲೇ."

"ಎಲ್ಲರೂ ಅದೇ ಅಂದ್ಕೊಂಡಿರೋದು. ಈಗ ಏನು ಮಾಡ್ಲಿ ಹೇಳಿ. ಅದನ್ನೇ ಮಾಡಿದ್ರೆ ಪರೀಕ್ಷೇಲಿ ಫೇಲು. ಅತ್ತೆಗೆ ಹೇಳಿದ್ರೆ..."

"ಹೇಳ್ಬೇಡ. ಗುರುವಿಗೇ ತಿರುಮಂತ್ರ ಹಾಕೋಕೆ ಹೋಗ್ತೀಯಾ? ನಾನು ಒಂದ್ಸಲ ಅಮ್ಮನ ಕಾಗುಣಿತ ತಪ್ಪು ಅಂದಿದ್ದಕ್ಕೆ ಒಂದು ವಾರ ಮಾತಾಡಿರ್ಲಿಲ್ಲ. ಕಾಗುಣಿತಕ್ಕೇ ಒಂದು ವಾರ. ಇದು ಚಂದ್ರ ಕಣೆ." ಅವನು ಧ್ವನಿ ತಗ್ಗಿಸಿದ. "ಮನೇಲಿ ಅಮ್ಮನ ಪಾಠ ಮಾಡು, ಅಲ್ಲಿ ಪುಸ್ತಕದ ಪಾಠ ಮಾಡು. ಹಾವೂ ಸಾಯಬಾರದು, ಕೋಲೂ ಮುರೀಬಾರದು."

ಹೇಳುವುದು ಅವನಿಗೆ ಸುಲಭ, ಲಿಫ್ಟು ಮೇಲೂ ಹೋಗುತ್ತದೆ ಕೆಳಗೂ ಹೋಗುತ್ತದೆ. ಆದರೂ ಅವಳು ಅದನ್ನೇ ಮಾಡಿದಳು. ಸಂಜೆ ಮನೆಯಲ್ಲಿ ಮುಷ್ಟಿ ಎತ್ತಿ ನೆರಳು ಬೀಳಿಸಿದಳು. ಶಾಲೆಯಲ್ಲಿ ಊಟದ ಬಿಡುವಿನಲ್ಲಿ ಖಾಲಿ ಕೋಣೆಗೆ ಹೋಗಿ ಕೈಯಲ್ಲಿ ಚೆಂಡು ಹಿಡಿದು ಕಿಟಕಿಯ ಬೆಳಕಿಗೆ ತನ್ನ ಸುತ್ತ ತಾನೇ ತಿರುಗಿದಳು. ಬಿಸಿ ತುಪ್ಪ ಬಾಯಿಗೆ ಬಿದ್ದಂತಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅತ್ತೆಯ ಮೇಲೆ ಸಿಟ್ಟಿದ್ದಿದ್ದರೆ ಎಂದೋ ಹೇಳಿಬಿಡುತ್ತಿದ್ದಳು. ಅವಳಿಗೆ ಅತ್ತೆ ಇಷ್ಟವಾಗತೊಡಗಿದ್ದರು, ತೊಂದರೆ ಅಲ್ಲೇ ಇತ್ತು. ಕೆಲಸವೂ ಉಳಿಯಬೇಕು, ಪಕ್ಕದಲ್ಲಿ ಬಂದು ಕೂರುವ ಆ ಚಹಾದ ಲೋಟವೂ ಉಳಿಯಬೇಕು ಎಂದು ಅವಳ ಆಸೆ.

ಪಾಠಕ್ಕೆ ಇನ್ನೆರಡು ದಿನ ಇರುವಾಗ ಅತ್ತೆ ಫೋನ್ ಇಟ್ಟು ಬಂದು ಹೇಳಿದರು: "ಹಿಂದಿನ ಬೆಂಚಲ್ಲಿ ಹೊರಗಿನವರು ಕೂತು ನೋಡಬಹುದಂತೆ. ವಿಚಾರಿಸಿದೆ. ನಾನೂ ಬರ್ತೀನಿ."

"ನೀವ್ಯಾಕೆ ಅತ್ತೆ ಸುಮ್ನೆ, ಅಷ್ಟು ದೂರ, ಬಸ್ಸು ಬೇರೆ..."

"ನನ್ನ ಪಾಠ ಇನ್ನೊಬ್ಬರು ಮಾಡೋದನ್ನ ನಾನು ಒಂದ್ಸಲನೂ ನೋಡಿಲ್ಲ ಕಣೆ." ಅವರು ಮೇಜಿನ ಮೇಲಿನ ಚೆಂಡನ್ನು ಹೊಳೆಯುವಂತೆ ಒಮ್ಮೆ ಬಟ್ಟೆಯಿಂದ ಒರೆಸಿದರು. ಸೊಸೆ ಗಂಡನ ಮುಖ ನೋಡಿದಳು. ಅವನು ಮುಖವನ್ನು ತಟ್ಟೆಯೊಳಗೆ ಹಾಕಿಕೊಂಡಿದ್ದ.

ಹಿಂದಿನ ದಿನ ಸಂಜೆ ಹೇಳಿಬಿಡಬೇಕೆಂದು ಎರಡು ಸಲ ಅತ್ತೆಯ ಕೋಣೆಯ ಬಾಗಿಲವರೆಗೆ ಹೋದಳು. ಮೊದಲ ಸಲ ಅವರು ನಾಳೆ ತೊಡುವ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ಎರಡನೆಯ ಸಲ ಕಣ್ಣು ಮುಚ್ಚಿ ಮಲಗಿದ್ದರು, ತುಟಿ ಅಲುಗುತ್ತಿತ್ತು. ತಮ್ಮ ಪಾಠವನ್ನೇ ಒಪ್ಪಿಸಿಕೊಳ್ಳುತ್ತಿದ್ದಾರೆಂದು ತಿಳಿದು ಹಿಂದಕ್ಕೆ ಬಂದಳು.

ಪರೀಕ್ಷಾ ಕೇಂದ್ರದ ಕೋಣೆಗೆ ಹತ್ತಿರದ ಶಾಲೆಯೊಂದರಿಂದ ಮಕ್ಕಳನ್ನು ಕರೆತಂದಿದ್ದರು. ಪಕ್ಕದ ಗೋಡೆಗೆ ಇಬ್ಬರು ಪರೀಕ್ಷಕರು: ಕನ್ನಡಕವನ್ನು ದಾರದಲ್ಲಿ ಕಟ್ಟಿಕೊಂಡ ಹಿರಿಯ ಹೆಂಗಸು, ತಲೆಯೆತ್ತದೆ ಬರೆಯುವ ಒಬ್ಬ ಯುವಕ. ಹಿಂದಿನ ಬೆಂಚಿನಲ್ಲಿ ಅತ್ತೆ, ಮಡಿಲಲ್ಲಿ ಕೈಚೀಲ. ಸೊಸೆ ಮೇಜಿನ ಮೇಲೆ ದೀಪ ಇಟ್ಟಳು, ಚೆಂಡು ಇಟ್ಟಳು. ಅವಳ ಚೀಲದಲ್ಲಿ ಸಣ್ಣ ಬಿಳಿ ಪ್ಲಾಸ್ಟಿಕ್ ಚೆಂಡುಗಳೂ ಇದ್ದವು. ಬಸ್ಸಿನಲ್ಲಿ ಅತ್ತೆ ಯಾಕೆ ಇಷ್ಟೊಂದು ಅಂದಾಗ, ಮಕ್ಕಳಿಗೆ ಆಡೋಕೆ ಎಂದು ಸುಳ್ಳು ಹೇಳಿದ್ದಳು. ದೀಪವನ್ನು ಬರೀ ಬೆಳಕಿಗೆ ಬಳಸುವುದು, ಮುಷ್ಟಿಯನ್ನು ಮಾತ್ರ ಎತ್ತದಿರುವುದು, ಹಾಗೇ ಮಕ್ಕಳನ್ನು ಹೊರಗೆ ಕರೆದೊಯ್ಯುವುದು, ಅತ್ತೆಗೆ ಆಮೇಲೆ ಸಮಯ ಸಾಲಲಿಲ್ಲ ಅನ್ನುವುದು. ಅವಳು ಹಾಕಿಕೊಂಡಿದ್ದ ಲೆಕ್ಕ ಇಷ್ಟು.

"ಚಂದ್ರನ್ನ ಎಲ್ಲರೂ ನೋಡಿದ್ದೀರಿ ಅಲ್ವಾ?" ಎಂದು ಶುರುಮಾಡಿದಳು. ಮಕ್ಕಳು ಹೌದೆಂದರು. ದೀಪ ಹೊತ್ತಿಸಿದಳು, ಚೆಂಡು ಬೆಳ್ಳಗೆ ತುಂಬಿ ನಿಂತಿತು. ಒಂದು ಕ್ಷಣ ತಡೆದಳು, ಕಣ್ತುಂಬ ಕಾಣಲಿ ಎಂದು. ಆ ತಡೆಯೂ ಅತ್ತೆ ಕಲಿಸಿದ್ದೇ. ಅದರ ಬೆನ್ನಿಗೆ ಬರಬೇಕಾದ್ದು ತಾನಾಗಿ ಬಂತು. ಅವಳ ಬಲಗೈ ಮುಷ್ಟಿ ಕಟ್ಟಿಕೊಂಡು ಮೇಲೆದ್ದಿತ್ತು. ಬಾಯಿ, "ಭೂಮಿಯ ನೆರಳು ಬಂತು," ಅಂದಾಗಿತ್ತು.

ಯುವಕ ತಲೆಯೆತ್ತಿದ್ದ. ಹಿಂದಿನ ಬೆಂಚಿನಲ್ಲಿ ಅತ್ತೆಯ ತುಟಿಗಳು ಮುಂದಿನ ಮಾತನ್ನು ಆಗಲೇ ಆಡುತ್ತಿದ್ದವು, ಮುಖ ಅರಳಿತ್ತು. ಮುಷ್ಟಿಯ ನೆರಳು ಚೆಂಡಿನ ಅರ್ಧಕ್ಕೆ ಬಂದು ನಿಂತಿತ್ತು. ಮಕ್ಕಳು, "ಓ!" ಅಂದರು. ಎಂದಿನಂತೆ ಚೆಂದವಾಗಿಯೇ ಇತ್ತು ಅದು.

ಕೈ ಇಳಿಸಿದರೆ ಗಲಿಬಿಲಿಯಾಯಿತು ಅಂದುಕೊಳ್ಳುತ್ತಾರೆ. ಮುಂದುವರಿಸಿದರೆ ಕೆಲಸ ಹೋಯಿತು. ಅವಳು ಕೈಯನ್ನು ಅಲ್ಲೇ ಇಟ್ಟುಕೊಂಡು ಕೇಳಿದಳು: "ಚಂದ್ರ ಅರ್ಧ ಆಗೋದು ಹೀಗೇನಾ? ಯಾರಿಗೆ ಹೀಗೆ ಅನ್ಸುತ್ತೆ?" ಹೆಚ್ಚುಕಡಿಮೆ ಎಲ್ಲ ಕೈಗಳೂ ಮೇಲೆದ್ದವು. "ನಂಗೂ ಹೀಗೇ ಅನ್ಸಿತ್ತು. ಇತ್ತೀಚಿನವರೆಗೂ. ಆದ್ರೆ ಇದು ತಪ್ಪು. ಬನ್ನಿ, ಹೊರಗೆ ಹೋಗಿ ನೋಡೋಣ."

ಆಟದ ಮೈದಾನದಲ್ಲಿ ಬೆಳಗಿನ ಬಿಸಿಲು ಚುರುಕಾಗಿತ್ತು. ಪಶ್ಚಿಮದಲ್ಲಿ, ಕಟ್ಟಡಗಳ ಮೇಲೆ, ಮಾಸಿದ ಅರ್ಧ ಚಂದ್ರನಿದ್ದ. ಹಗಲಲ್ಲಿ ಅಲ್ಲೊಬ್ಬ ಇರುತ್ತಾನೆಂದೇ ಮಕ್ಕಳು ತಿಳಿದಿರಲಿಲ್ಲ. ಒಬ್ಬೊಬ್ಬರ ಕೈಗೂ ಒಂದೊಂದು ಚೆಂಡು ಕೊಟ್ಟು, ತೋಳು ನೀಡಿ ಚಂದ್ರನ ಪಕ್ಕಕ್ಕೇ ಹಿಡಿಯಲು ಹೇಳಿದಳು. ಪ್ರತಿ ಚೆಂಡಿನ ಅರ್ಧ ಬೆಳಗಿತ್ತು, ಅರ್ಧ ಮಬ್ಬಾಗಿತ್ತು, ಸಾಕ್ಷಾತ್ ಆಕಾಶದವನ ಹಾಗೆಯೇ. "ನಿಮ್ಮ ಚೆಂಡಿನ ಮೇಲೆ ಯಾರ ನೆರಳಾದ್ರೂ ಬಿದ್ದಿದೆಯಾ?" ಇಲ್ಲ. "ಮತ್ತೆ ಅರ್ಧ ಯಾಕೆ ಕಾಣ್ತಿದೆ?" ಒಬ್ಬಳು ಹುಡುಗಿ ಚೆಂಡು ಹಿಡಿದು ತನ್ನ ಸುತ್ತ ತಾನು ತಿರುಗುತ್ತ, "ತಿರುಗಿದ್ರೆ ಜಾಸ್ತಿ ಆಗ್ತಿದೆ ಟೀಚರ್!" ಎಂದು ಕೂಗಿದಳು. ಆಮೇಲೆ ಎಲ್ಲರೂ ತಿರುಗತೊಡಗಿದರು. ಅತ್ತೆ ಬಾಗಿಲ ಮೆಟ್ಟಿಲಿನ ಮೇಲೆ ನಿಂತಿದ್ದರು, ಮೈದಾನಕ್ಕೆ ಇಳಿದಿರಲಿಲ್ಲ. ಸೊಸೆ ಅತ್ತ ನೋಡಲಿಲ್ಲ.

ಫಲಿತಾಂಶ ಅಲ್ಲೇ ಹೇಳುವುದು ಅಲ್ಲಿನ ಪದ್ಧತಿ. ಮಕ್ಕಳು ಹೋದ ಮೇಲೆ ಹಿರಿಯ ಪರೀಕ್ಷಕಿ ಕನ್ನಡಕವನ್ನು ಎದೆಯ ಮೇಲೆ ಬಿಟ್ಟು ನಕ್ಕರು. "ಪಾಸು. ತಪ್ಪನ್ನ ಮೊದಲು ಕಟ್ಟಿ ಆಮೇಲೆ ಬಿಚ್ಚಿದ್ರಲ್ಲ, ಅದು ಚೆನ್ನಾಗಿತ್ತು. ಎಷ್ಟೋ ಜನ ಟೀಚರುಗಳೇ ಇದನ್ನ ನಿಜ ಅಂತ ಹೇಳಿಕೊಡ್ತಾರೆ, ಪಾಪ. ಆ ಮುಷ್ಟಿ ಎಲ್ಲಿ ಸಿಕ್ತು ನಿಮಗೆ?"

ಅತ್ತೆ ನಾಲ್ಕು ಹೆಜ್ಜೆ ಆಚೆ, ಕೈಚೀಲ ಹಿಡಿದು ಕಾಯುತ್ತಿದ್ದರು.

"ಎಲ್ಲೋ ನೋಡಿದ್ದೆ ಮೇಡಂ," ಅಂದಳು ಸೊಸೆ.

ಬಸ್ ನಿಲ್ದಾಣದವರೆಗೂ ಅತ್ತೆ ಮುಂದೆ, ಅವಳು ಹಿಂದೆ. ಪಾಸಾದ ಸಂತೋಷ ಎಲ್ಲೋ ಹೊಟ್ಟೆಯ ತಳದಲ್ಲಿ ಇತ್ತು, ಮೇಲೆ ಬರಲು ಹೆದರುತ್ತಿತ್ತು. ಗಂಡನಿಗೆ ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ಬಸ್ಸು ಹತ್ತಿ ಕೂತ ಮೇಲೂ ಅತ್ತೆ ಕಿಟಕಿಯ ಕಡೆಗೇ ತಿರುಗಿದ್ದರು. ಬಸ್ಸು ಹೊರಟ ಮೇಲೆ ಮಾತಾಡಿದರು.

"ಯಾವತ್ತಿಂದ ಗೊತ್ತು ನಿಂಗೆ?"

"ಎರಡು ವಾರ ಆಯ್ತು ಅತ್ತೆ."

"ಎರಡು ವಾರ ನನ್ನೆದುರು ತಪ್ಪು ಪಾಠ ಒಪ್ಪಿಸಿದೆ. ನಾನು ಮೇಜು ಕುಟ್ಟಿದೆ, ಮುಷ್ಟಿ ಸರಿಯಿಲ್ಲ ಅಂತ."

"ಹೇಳೋಕೆ ಧೈರ್ಯ ಬರ್ಲಿಲ್ಲ. ಹೊಟ್ಟೆಗೆ ಹಾಕ್ಕೊಳ್ಳಿ ಅತ್ತೆ."

ಅತ್ತೆ ಮಡಿಲಲ್ಲಿದ್ದ ಕೈಚೀಲವನ್ನು ಪಕ್ಕಕ್ಕಿಟ್ಟರು. "ಎಲ್ಲೋ ನೋಡಿದ್ದೆ ಅಂದೆಯಲ್ಲ. ನಮ್ಮನೆ ಊಟದ ಮೇಜು ಎಲ್ಲೋ ಆಗಿಹೋಯ್ತಾ?" ಅಂದರು. "ತಪ್ಪೋ ಸರಿಯೋ, ಅದು ನನ್ನ ಪಾಠ. ನನ್ನ ಹೆಸರು ಹೇಳೋಕೆ ನಾಚಿಕೆ ಆಯ್ತೇನು?"

ಸೊಸೆಗೆ ಕಣ್ಣಲ್ಲಿ ನೀರು ಬಂತು. ತಪ್ಪು ತೋರಿಸಿದ್ದಕ್ಕೆ ಸಿಟ್ಟು ಎಂದುಕೊಂಡಿದ್ದಳು. ಅವರನ್ನು ಕಾಪಾಡುತ್ತೇನೆಂದು ಅವರನ್ನೇ ಅಳಿಸಿಹಾಕಿದ್ದು ಈಗ ತಿಳಿಯಿತು. ಉತ್ತರ ಕೊಡುವಷ್ಟರಲ್ಲಿ ಕಂಡಕ್ಟರ್ ಬಂದ. ಕಿವಿಯ ಬಳಿ ಕೂದಲು ನರೆತ ದಪ್ಪನೆಯ ಮನುಷ್ಯ. ಅತ್ತೆಯನ್ನು ಕಂಡವನೇ ಹಲ್ಲು ಕಿರಿದ.

"ಟೀಚರ್! ಗುರುತು ಸಿಕ್ತಾ? ಈ ರೂಟಿಗೆ ಹಾಕಿ ಒಂದು ತಿಂಗಳಾಯ್ತು. ಚೆನ್ನಾಗಿದ್ದೀರಾ?"

ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಕಿಟಕಿ ಪಕ್ಕ ಕೂತು ತೂಕಡಿಸ್ತಿದ್ದವನು. ಗುರುತು ಸಿಗದೆ ಏನು? ಹೇಳು ನೋಡೋಣ, ಚಂದ್ರ ಯಾಕೋ ಸವೀತಾನೆ?"

ಕಂಡಕ್ಟರ್ ನೆಟ್ಟಗೆ ನಿಂತ. ಟಿಕೆಟ್ ಯಂತ್ರವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ನಾಲ್ಕು ಜನರಿಗೆ ಕೇಳುವಂತೆ, ರಾಗವಾಗಿ ಶುರುಮಾಡಿದ: "ಭೂಮಿಯ ನೆರಳು ಬಂತು, ಚಂದ್ರ ಸವೆದ..." ಹಿಂದಿನ ಸೀಟಿನಿಂದ ಒಂದು ಹೆಂಗಸಿನ ಧ್ವನಿ ಸೇರಿಕೊಂಡಿತು: "ನೆರಳು ಸರಿಯಿತು, ಚಂದ್ರ ಬೆಳೆದ." ಇನ್ನೂ ಹಿಂದೆ ಯಾರೋ ನಕ್ಕರು. "ನೀವೂ ಟೀಚರ್ ಸ್ಟೂಡೆಂಟೇನಾ?" ಎಂದು ಕೇಳುವ ಮಾತು ಬಸ್ಸಿನಲ್ಲಿ ಎರಡು ಕಡೆ ಎದ್ದಿತು. ಅತ್ತೆ ತಿರುಗಿ ಆ ಮುಖಗಳನ್ನು ನೋಡಿದರು. ಇಷ್ಟು ವರ್ಷದ ಮೇಲೂ ಒಂದಕ್ಷರ ಮರೆತಿರಲಿಲ್ಲ ಆ ಹಳೆಯ ವಿದ್ಯಾರ್ಥಿಗಳು. ಅತ್ತೆಯ ಕೈ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು.

"ತಪ್ಪು," ಅಂದರು.

"ಹಾಂ? ಹೀಗೇ ತಾನೇ ಟೀಚರ್ ನೀವು..."

"ನಾನು ಹೇಳಿಕೊಟ್ಟಿದ್ದೇ ತಪ್ಪು."

ಕಂಡಕ್ಟರ್ ಪೆಚ್ಚಾದ. ಟೀಚರನ್ನು ಈ ಪೇಚಿನಿಂದ ಪಾರುಮಾಡಲು ಅವನಿಗೆ ತೋಚಿದ್ದನ್ನು ಹೇಳಿದ. "ಬಿಡಿ ಟೀಚರ್. ಚಂದ್ರ ಹೇಗೆ ಸವೆದ್ರೆ ನಮಗೇನು, ನಮ್ಮ ಬಸ್ಸು ಓಡಿದ್ರೆ ಸಾಕು."

"ಬಿಡೋದೇನು ಬಿಡೋದು? ನಿನ್ನ ಮಕ್ಕಳಿಗೆ ಏನು ಹೇಳಿಕೊಟ್ಟಿದ್ದೀಯಾ?"

ಅವನು ಕತ್ತು ಕೆರೆದುಕೊಂಡ. "ಇದನ್ನೇ."

ಅತ್ತೆ ಸೊಸೆಯ ಕಡೆ ತಿರುಗಿದರು. ಸೊಸೆ ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದಳು. "ಇವಳು ನನ್ನ ಸೊಸೆ. ಟೀಚರು. ಇವತ್ತು ಪಾಸಾಗಿದ್ದಾಳೆ," ಎಂದು ಕಂಡಕ್ಟರಿಗೆ ಹೇಳಿ, ಅವಳ ಮೊಣಕೈ ತಟ್ಟಿದರು. "ಏಳು. ನಿಂತುಕೊಂಡು ಹೇಳು. ಕೊನೆ ಸೀಟಿಗೂ ಕೇಳಬೇಕು."

"ಅತ್ತೆ, ಇಲ್ಲಿ ಹೇಗೆ..."

"ಏಳೇ."

ಅವಳು ಎದ್ದು ನಿಂತಳು. "ಎಲ್ಲರೂ ಈ ಕಡೆ ಕಿಟಕಿಯಿಂದ ನೋಡಿ, ಮನೆಗಳ ಮೇಲೆ," ಅಂದಳು. ಬಿಸಿಲ ಕಡೆ ಕೂತಿದ್ದ ಕೆಲವರು ಎದ್ದು ಈಚೆಗೆ ಬಂದರು. ಕಂಡಕ್ಟರ್ ಯಾರದೋ ತಲೆಯ ಮೇಲಿಂದ ಬಾಗಿ, ಕಣ್ಣು ಕಿರಿದು ಮಾಡಿ ಹುಡುಕಿದ. "ಎಲ್ಲಿ? ಹಾಂ... ಅಯ್ಯೋ ಹೌದಲ್ಲ, ಅಲ್ಲೇ ಇದ್ದಾನೆ," ಅಂದ. ಸೂರ್ಯ ಯಾವ ಕಡೆ ಇದ್ದಾನೆ ಎಂದು ಅವಳು ಕೇಳಿದಳು. ಯಾರೋ ಹೇಳಿದರು. ಅವಳ ಧ್ವನಿ ಮೆಲ್ಲಗೆ ಗಟ್ಟಿಯಾಗತೊಡಗಿತು.

ತಿರುವಿನಲ್ಲಿ ಬಸ್ಸು ವಾಲಿತು. ಬೀಳದಂತೆ ಅತ್ತೆ ಕೂತಲ್ಲಿಂದಲೇ ಅವಳ ಬೆನ್ನಿಗೆ ಅಂಗೈ ಕೊಟ್ಟರು. ರಸ್ತೆ ಮತ್ತೆ ನೇರವಾಯಿತು, ಪಾಠ ಮುಂದುವರಿಯಿತು, ಕೈ ಅಲ್ಲೇ ಇತ್ತು.